ವಿಮಾನ ಪರಿವೀಕ್ಷಕರು ಯಾರ ಸೇವಕರು?

ಚಿತ್ರದುರ್ಗ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ಇಳಿಯತಕ್ಕ ನಿಲ್ದಾಣವಿಲ್ಲ. ಹೊಳಲ್ಕೆರೆಯ ಅಡಿಕೆ ಮಂಡಿಯ ಗುಮಾಸ್ತನಾಗಲಿ, ಹೊಸದುರ್ಗದ ತೆಂಗಿನಕಾಯಿ ವ್ಯಾಪಾರಿಯಾಗಲಿ, ದುರ್ಗದ ಮಿಲ್ಲಿನ ಕಾರ್ಮಿಕನಾಗಲಿ ದಿನವೂ ಹತ್ತುವುದು ಬಸ್ಸು, ಬಿಟ್ಟರೆ ರೈಲು. ಹೀಗಿರುವಾಗ ವಿಮಾನಗಳ ತಪಾಸಣೆಯ ವಿಚಾರ ಈ ಪತ್ರಿಕೆಗೇಕೆ ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ.

ಅದಕ್ಕೆ ನಮ್ಮ ಉತ್ತರ ಹೀಗಿದೆ. ಮೊದಲನೆಯದಾಗಿ, ವಿಮಾನವು ಈಗ ಧನಿಕರ ವಾಹನವಾಗಿ ಮಾತ್ರ ಉಳಿದಿಲ್ಲ. ನಮ್ಮ ಮಕ್ಕಳು ಕೂಲಿಗೆ, ನೌಕರಿಗೆ ಬೆಂಗಳೂರಿನಿಂದಲೂ ಮಂಗಳೂರಿನಿಂದಲೂ ಅದನ್ನೇ ಹತ್ತಿ ದೂರದ ದೇಶಗಳಿಗೆ ಹೋಗುತ್ತಿದ್ದಾರೆ. ಎರಡನೆಯದಾಗಿ, ನಿಲ್ದಾಣವಿಲ್ಲದಿದ್ದರೂ ನಮ್ಮ ತಲೆಯ ಮೇಲೆ ಆಕಾಶವಿದೆ. 2017ರಲ್ಲಿ ಚಳ್ಳಕೆರೆಯ ವರವು ಕಾವಲಿನಲ್ಲಿ ರಕ್ಷಣಾ ಇಲಾಖೆಯ ವಿಮಾನ ಪರೀಕ್ಷಾ ಕೇಂದ್ರ ಆರಂಭವಾಯಿತು. 2019ರ ಸೆಪ್ಟೆಂಬರ್ 17ರಂದು ಚಾಲಕರಿಲ್ಲದ ವಿಮಾನವೊಂದು ಜೋಡಿ ಚಿಕ್ಕೇನಹಳ್ಳಿಯ ಬಳಿ ಬಿದ್ದಿತು. 2023ರ ಆಗಸ್ಟ್ 20ರಂದು ‘ತಪಸ್’ ಎಂಬ ಅದೇ ಜಾತಿಯ ಇನ್ನೊಂದು ವಿಮಾನ ಹಿರಿಯೂರು ತಾಲ್ಲೂಕಿನ ವಡ್ಡಿಕೆರೆಯ ಹೊಲದಲ್ಲಿ ಬಿದ್ದು ಚೂರಾಯಿತು. ಯಾರ ಪ್ರಾಣವೂ ಹೋಗಲಿಲ್ಲವೆಂಬುದೇ ಸಮಾಧಾನ. ಸೈನ್ಯದ ವಿಮಾನಗಳನ್ನು ಪರೀಕ್ಷಿಸುವ ಇಲಾಖೆ ಬೇರೆ, ಪ್ರಯಾಣಿಕರ ವಿಮಾನಗಳನ್ನು ಪರೀಕ್ಷಿಸುವ ಇಲಾಖೆ ಬೇರೆ. ಆದರೆ ಹಾರುವ ಯಂತ್ರವನ್ನು ನೋಡಿದವರು ಯಾರು, ಒಪ್ಪಿದವರು ಯಾರು ಎಂದು ಹೊಲದ ರೈತ ಕೇಳುವ ಪ್ರಶ್ನೆ ಒಂದೇ.

ಮೂರನೆಯದೇ ಮುಖ್ಯವಾದುದು. ಇನ್ಸ್‌ಪೆಕ್ಟರು ಎಂದರೆ ಏನೆಂಬುದು ನಮ್ಮ ವಾಚಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಿಲ್ಲಿನವನಿಗೆ ಬಾಯ್ಲರ್ ಇನ್ಸ್‌ಪೆಕ್ಟರು, ಕಾರ್ಖಾನೆ ಇನ್ಸ್‌ಪೆಕ್ಟರು ಗೊತ್ತು. ಅಂಗಡಿಯವನಿಗೆ ತೂಕ-ಅಳತೆಯ ಇನ್ಸ್‌ಪೆಕ್ಟರು ಗೊತ್ತು. ಬರುವ ದಿನ ಮೊದಲೇ ತಿಳಿಸಿ ಬರುವವನು ಯಾರು, ಹೇಳದೆ ಬಂದು ಯಂತ್ರದ ಬುಡಕ್ಕೆ ಕೈಹಾಕುವವನು ಯಾರು, ಸಣ್ಣ ಅಂಗಡಿಯ ತಕ್ಕಡಿಗೆ ದಂಡ ಹಾಕಿ ದೊಡ್ಡ ಗೋದಾಮಿನ ಮುಂದೆ ನಮಸ್ಕಾರ ಹಾಕಿ ಹೋಗುವವನು ಯಾರು ಎಂಬುದನ್ನು ನಮ್ಮವರು ಅನುಭವದಿಂದ ಬಲ್ಲರು. ಆ ಅನುಭವವನ್ನೇ ಹಿಡಿದು ವಿಮಾನ ಪರಿವೀಕ್ಷಕರ ಸ್ಥಿತಿಯನ್ನು ನೋಡೋಣ.

ಭಾರತದಲ್ಲಿ ಪ್ರಯಾಣಿಕರ ವಿಮಾನಗಳ ಮೇಲ್ವಿಚಾರಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ಜನ ಇದನ್ನು ಡಿ.ಜಿ.ಸಿ.ಎ. ಎನ್ನುತ್ತಾರೆ. ಅಲ್ಲಿ ವಿಮಾನ ಕಾರ್ಯಾಚರಣೆ ಪರಿವೀಕ್ಷಕ ಎಂಬ ಹುದ್ದೆಯಿದೆ. ಈ ಹುದ್ದೆಗೆ ಪರೀಕ್ಷೆ ಬರೆದ ಪದವೀಧರ ಸಾಲದು. ಸಾವಿರಾರು ಗಂಟೆ ತಾನೇ ವಿಮಾನ ಹಾರಿಸಿದ ಕ್ಯಾಪ್ಟನ್ ಬೇಕು. ಹಾರಾಟದ ವೃತ್ತಿಯಲ್ಲಿ ಅರ್ಧ ಆಯುಷ್ಯ ಕಳೆದ ಪೈಲಟ್ ಈ ಕೆಲಸಕ್ಕೆ ಬರುತ್ತಾನೆ. ಚಾಲಕರ ಕೋಣೆಯಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಒಂದು ಚಿಕ್ಕ ಆಸನವಿರುತ್ತದೆ. ಹಿಂದೆ ತಾನು ಮುಂದಿನ ಆಸನದಲ್ಲಿ ಕುಳಿತು ಮಾಡುತ್ತಿದ್ದ ಕೆಲಸವನ್ನು ಈಗ ಆ ಹಿಂದಿನ ಆಸನದಲ್ಲಿ ಕುಳಿತು ನೋಡುವುದೇ ಅವನ ಉದ್ಯೋಗ.

ನೋಡುವುದು ಏನನ್ನು? ಇಳಿಯುವಾಗ ವೇಗ, ಎತ್ತರಗಳು ನಿಯಮದಲ್ಲಿವೆಯೇ? ಇಲ್ಲದಿದ್ದರೆ ಪೈಲಟ್ ಹಟ ಹಿಡಿಯದೆ ಮತ್ತೆ ಮೇಲಕ್ಕೇರಿಸುತ್ತಾನೆಯೇ? ಕಿರಿಯ ಪೈಲಟ್ ಎಚ್ಚರಿಸಿದರೆ ಹಿರಿಯನು ಕಿವಿಗೊಡುತ್ತಾನೆಯೇ? ಕಂಪನಿಯವರು ಪೈಲಟ್‌ಗಳನ್ನು ಎಷ್ಟು ಗಂಟೆ ದುಡಿಸಿದರು, ಎಷ್ಟು ಗಂಟೆ ವಿಶ್ರಾಂತಿ ಕೊಟ್ಟರು? ತರಬೇತಿಯ ಕೃತಕ ಯಂತ್ರದಲ್ಲಿ ಪರೀಕ್ಷೆ ನಿಜವಾಗಿ ನಡೆಯಿತೇ, ಅಥವಾ ಕಾಗದದ ಮೇಲೆ ಮುಗಿಯಿತೇ? ಇನ್ನೊಂದು ವಿಷಯವನ್ನು ವಾಚಕರು ಗಮನಿಸಬೇಕು. ಪೈಲಟ್‌ಗಳ ದಿನನಿತ್ಯದ ಪರೀಕ್ಷೆಯ ಬಹುಭಾಗವನ್ನು ನಡೆಸುವವರು ಆಯಾ ಕಂಪನಿಯ ಹಿರಿಯ ಪೈಲಟ್‌ಗಳೇ. ಆ ಪರೀಕ್ಷಕರನ್ನು ಪರೀಕ್ಷಿಸುವವನು ಸರ್ಕಾರದ ಪರಿವೀಕ್ಷಕ. ಅವನು ಸಡಿಲವಾದರೆ ಮನೆಯ ಮಕ್ಕಳಿಗೆ ಮನೆಯವರೇ ಅಂಕ ಕೊಟ್ಟಂತಾಗುತ್ತದೆ.

ಹಾರಿಸಿದವನೇ ಏಕೆ ಬೇಕು, ಕಾಗದ ನೋಡುವ ಅಧಿಕಾರಿ ಸಾಲದೇ ಎಂದು ಕೇಳುವವರಿದ್ದಾರೆ. 2011ರಲ್ಲಿ ನಡೆದುದನ್ನು ಅವರು ನೆನಪಿಸಿಕೊಳ್ಳಲಿ. ಆ ವರ್ಷ ಸುಳ್ಳು ಅಂಕಪಟ್ಟಿ ಕೊಟ್ಟು ಪರವಾನಗಿ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದರು. ಕಚೇರಿಯ ಕಡತಗಳಲ್ಲಿ ಆ ಪರವಾನಗಿಗಳೆಲ್ಲ ಸರಿಯಾಗಿಯೇ ಇದ್ದವು. ಮುಂಭಾಗದ ಚಕ್ರ ಮೊದಲು ನೆಲಕ್ಕೆ ತಗುಲುವಂತೆ ಒಂದು ವಿಮಾನ ಇಳಿದುದರ ವಿಚಾರಣೆಯಿಂದ ಆ ಎಳೆ ಹೊರಬಂದಿತು. ಕಾಗದ ಮುಚ್ಚಿಟ್ಟುದನ್ನು ಇಳಿಯುವ ರೀತಿ ಬಯಲಿಗೆ ತಂದಿತು. ಮಗ್ಗದ ಶಬ್ದ ಕೇಳಿಯೇ ಎಲ್ಲಿ ದೋಷವಿದೆಯೆಂದು ಹಳೆಯ ಕಾರ್ಮಿಕ ಹೇಳಬಲ್ಲನು. ಲೆಕ್ಕಪತ್ರ ಬರೆಯುವವನು ಹೇಳಲಾರನು. ಆದುದರಿಂದ ಹಾರಾಟ ಬಲ್ಲವನೇ ಪರಿವೀಕ್ಷಕನಾಗತಕ್ಕದ್ದು ಎಂಬ ನಿಯಮ ಸರಿಯಾದುದೇ.

ಈ ಕೆಲಸ ಸಡಿಲವಾದರೆ ಆಗುವುದೇನೆಂದು ತಿಳಿಯಲು ಕನ್ನಡ ನಾಡಿನವರು ಹೊರಗೆ ಹೋಗಬೇಕಾಗಿಲ್ಲ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನ ಹಳೆಯ ನಿಲ್ದಾಣದ ಹೊರಗೆ, ಗಾಲ್ಫ್ ಮೈದಾನದ ಮೇಲೆ ಬಿದ್ದಿತು. 146 ಜನರಲ್ಲಿ 92 ಜನ ಸತ್ತರು. ವಿಮಾನ ಹೊಸದು, ಸೇವೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಚಾಲಕರ ಕೋಣೆಯಲ್ಲಿ ಒಬ್ಬ ಕ್ಯಾಪ್ಟನ್ ಪರೀಕ್ಷೆ ಕೊಡುತ್ತಿದ್ದನು, ಇನ್ನೊಬ್ಬನು ಕಂಪನಿಯ ಪರವಾಗಿ ಪರೀಕ್ಷೆ ಮಾಡುತ್ತಿದ್ದನು. ಎಂಜಿನ್‌ಗಳ ಶಕ್ತಿ ತಗ್ಗಿ ವಿಮಾನ ಕೆಳಗೆ ಕುಸಿಯುತ್ತಿದ್ದುದು ಇಬ್ಬರಿಗೂ ಸಕಾಲದಲ್ಲಿ ಹೊಳೆಯಲಿಲ್ಲ. ಹೊಸ ಯಂತ್ರ ತರುವ ಆತುರಕ್ಕೆ ಸರಿಸಮನಾಗಿ ಅದನ್ನು ಕಲಿಸುವ, ಕಲಿತುದನ್ನು ನೋಡುವ ವ್ಯವಸ್ಥೆ ಬೆಳೆದಿತ್ತೇ ಎಂಬ ಪ್ರಶ್ನೆಯನ್ನು ಆ 92 ಜನರ ಸಾವು ನಮ್ಮ ಮುಂದಿಟ್ಟಿತು.

2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಕಥೆ ಇನ್ನೂ ಘೋರವಾದುದು. ಗುಡ್ಡದ ನೆತ್ತಿಯ ಮೇಲಿನ ಓಡುದಾರಿಯ ಉದ್ದ 8,033 ಅಡಿ. ವಿಮಾನ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ತುದಿಯಲ್ಲಿ ನಿಲ್ಲಲಾರದೆ ಕಣಿವೆಗೆ ಉರುಳಿ ಉರಿಯಿತು. 166 ಜನರಲ್ಲಿ ಉಳಿದವರು 8 ಜನ, ಸತ್ತವರು 158. ದಕ್ಷಿಣ ಕನ್ನಡ, ಕಾಸರಗೋಡುಗಳಲ್ಲಿ ಕೊಲ್ಲಿ ದೇಶದ ಸಂಬಳ ನಂಬಿದ್ದ ಎಷ್ಟೋ ಮನೆಗಳು ಅಂದು ಕತ್ತಲಾದವು. ಹಾರಾಟದ ವೇಳೆ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಕಾಲ ನಿದ್ರಿಸಿದ್ದನೆಂದೂ, ಇಳಿಯುವ ಕ್ರಮ ತಪ್ಪಿದಾಗ ಮತ್ತೆ ಮೇಲಕ್ಕೇರಿಸಬೇಕೆಂದು ಕಿರಿಯ ಪೈಲಟ್ ಮೂರು ಸಲ ಹೇಳಿದರೂ ಆತ ಕೇಳಲಿಲ್ಲವೆಂದೂ ವಿಚಾರಣಾ ಮಂಡಲಿ ತಿಳಿಸಿತು. ನಿದ್ರೆ, ದಣಿವು, ಹಿರಿಯನ ಹಟ, ಕಿರಿಯನ ಅಸಹಾಯಕತೆ — ಪರಿವೀಕ್ಷಕನು ಹಿಂದಿನ ಆಸನದಲ್ಲಿ ಕುಳಿತು ಗುರುತಿಸಬೇಕಾದುದು ಇವುಗಳನ್ನೇ ಅಲ್ಲವೇ? ಸತ್ತ ಪೈಲಟ್‌ನ ಮೇಲೆ ತಪ್ಪು ಹೊರಿಸುವುದು ಸುಲಭ. ಅಂಥ ಅಭ್ಯಾಸಗಳು ಬೆಳೆಯದಂತೆ ಮೊದಲೇ ನೋಡಿಕೊಳ್ಳುವವರ ಸಂಖ್ಯೆ ಎಷ್ಟಿತ್ತು ಎಂದು ಕೇಳುವುದು ಕಷ್ಟ.

ಆ ಸಂಖ್ಯೆಯ ಪ್ರಶ್ನೆಯನ್ನು ಕೊನೆಗೆ ಕೇಳಿದವರು ಪರದೇಶದವರು. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಭಾರತದ ಸುರಕ್ಷತಾ ದರ್ಜೆಯನ್ನು ಒಂದರಿಂದ ಎರಡಕ್ಕೆ ಇಳಿಸಿತು. ಸಾಕಷ್ಟು ಪೂರ್ಣಕಾಲಿಕ ಕಾರ್ಯಾಚರಣೆ ಪರಿವೀಕ್ಷಕರಿಲ್ಲವೆಂಬುದು ಅದರ ಮುಖ್ಯ ಆಕ್ಷೇಪಣೆಗಳಲ್ಲೊಂದು. ಅಲ್ಲಿಯವರೆಗೆ ವಿಮಾನ ಕಂಪನಿಗಳಿಂದ ಎರವಲು ತಂದ ಪೈಲಟ್‌ಗಳನ್ನು ನಂಬಿ ಇಲಾಖೆ ಕಾಲ ನೂಕುತ್ತಿತ್ತು. ಮಾನ ಹೋಗುವಂತಾದಾಗ ಕೇಂದ್ರ ಸರ್ಕಾರ ಆತುರಾತುರವಾಗಿ 75 ಹುದ್ದೆಗಳಿಗೆ ಒಪ್ಪಿಗೆ ಕೊಟ್ಟಿತು. 2015ರ ಏಪ್ರಿಲ್‌ನಲ್ಲಿ ದರ್ಜೆ ಮರಳಿ ಬಂದಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ದುರ್ಗದವರಿಗೆ ಹೊಸದಲ್ಲ.

ಆದರೆ ಬಾಗಿಲು ಹಾಕಿದ ಮೇಲಾದರೂ ಕಾವಲು ನಿಂತಿತೇ? 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಜನ ಸತ್ತರು. ಅದೇ ವರ್ಷ ಸಂಸತ್ತಿನ ಸ್ಥಾಯಿ ಸಮಿತಿಯು ಮಹಾನಿರ್ದೇಶನಾಲಯದ ಮಂಜೂರಾದ ಹುದ್ದೆಗಳಲ್ಲಿ ಸರಿಸುಮಾರು ಅರ್ಧದಷ್ಟು ಖಾಲಿಯಿವೆಯೆಂದು ಎತ್ತಿ ತೋರಿಸಿತು. ಕಾವಲುಗಾರನು ಊಟಕ್ಕೆ ಹೋದಾಗ ಕಿಂಡಿಯನ್ನು ಕಾಯಲು ಓಬವ್ವನಿದ್ದಳು. ಅವಳ ಧೈರ್ಯವನ್ನು ನಾವು ಹಾಡಿ ಹೊಗಳುತ್ತೇವೆ. ಆದರೆ ಕಾವಲುಗಾರನು ಎದ್ದು ಹೋದರೆ ಬದಲಿಗೆ ನಿಲ್ಲಲು ಇನ್ನೊಬ್ಬನನ್ನು ನೇಮಿಸದ ಆಡಳಿತವನ್ನು ಹೊಗಳಲಾರೆವು. ಎಲ್ಲ ಕಿಂಡಿಗೂ ಒಬ್ಬೊಬ್ಬ ಓಬವ್ವ ತಾನಾಗಿ ಬರುವಳೆಂದು ಕಾದು ಕೂರುವುದು ರಾಜ್ಯಭಾರವಲ್ಲ.

ಇನ್ನು 2025ರ ಡಿಸೆಂಬರಿನ ಪ್ರಸಂಗಕ್ಕೆ ಬರೋಣ. ಪೈಲಟ್‌ಗಳ ದಣಿವು ತಡೆಯಲು ಹೊಸ ನಿಯಮಗಳು ಬಂದಿದ್ದವು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. ರಾತ್ರಿ ವೇಳೆ ವಿಮಾನ ಇಳಿಸುವ ಮಿತಿ 6ರಿಂದ 2ಕ್ಕೆ ಇಳಿಯಿತು. ಇದರ ಎರಡನೆಯ ಹಂತ ನವೆಂಬರ್ 1ರಿಂದ ಜಾರಿಗೆ ಬರುವುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ದೇಶದೊಳಗಿನ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಸಾಗಿಸುವ ಇಂಡಿಗೋ ಕಂಪನಿ ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರಿನ ಮೊದಲ ವಾರ ಸಾವಿರಾರು ಹಾರಾಟಗಳು ರದ್ದಾದವು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು. ಬೆಂಗಳೂರಿನ ನಿಲ್ದಾಣದಲ್ಲಿಯೂ ಜನ ಗಂಟುಮೂಟೆಗಳೊಡನೆ ನೆಲದ ಮೇಲೆ ಕುಳಿತರು. ಸರ್ಕಾರ ಮಾಡಿದ್ದೇನು? ನಿಯಮಕ್ಕೆ ಸಿದ್ಧವಾಗದ ಕಂಪನಿಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ಕೊಟ್ಟಿತು. ಡಿಸೆಂಬರ್ 12ರಂದು, ಆ ಕಂಪನಿಯ ಮೇಲ್ವಿಚಾರಣೆ ನೋಡುತ್ತಿದ್ದ, ಗುತ್ತಿಗೆಯ ಮೇಲಿದ್ದ ನಾಲ್ವರು ಪರಿವೀಕ್ಷಕರನ್ನು ಹುದ್ದೆಯಿಂದ ಕಳಿಸಿಕೊಟ್ಟಿತು.

ಆ ನಾಲ್ವರ ತಪ್ಪು ಒಪ್ಪುಗಳನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ತಪ್ಪಿದ್ದರೆ ಶಿಕ್ಷೆಯಾಗಲಿ. ನಾವು ಕೇಳುವುದು ಬೇರೆ. ದೇಶದ ಅತಿ ದೊಡ್ಡ ವಿಮಾನ ಕಂಪನಿಯ ಕಾವಲು, ಒಂದು ಆದೇಶದಿಂದ ಮನೆಗೆ ಕಳಿಸಬಹುದಾದ ಗುತ್ತಿಗೆಯವರ ಕೈಯಲ್ಲಿ ಏಕಿತ್ತು? ಕಂಪನಿಗೆ ವಿನಾಯಿತಿ, ಪರಿವೀಕ್ಷಕನಿಗೆ ವಿದಾಯ ಎಂಬ ಈ ನ್ಯಾಯದಲ್ಲಿ ಮೇಲಿನವರ ಜವಾಬ್ದಾರಿ ಎಲ್ಲಿ ಹೋಯಿತು? ಗುತ್ತಿಗೆಯ ಕೂಲಿ ಎಂದರೇನೆಂದು ಮಿಲ್ಲಿನ ಕಾರ್ಮಿಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಳೆ ಕೆಲಸ ಉಂಟೋ ಇಲ್ಲವೋ ಎಂದು ಅಳುಕುವವನು ಇಂದು ಮೇಸ್ತ್ರಿಗೆ ಎದುರಾಡನು. ಪರಿವೀಕ್ಷಕನ ಹುದ್ದೆಯ ಸಾರವೇ ಎದುರಾಡುವುದು. ಎದುರಾಡಬೇಕಾದವನನ್ನು ಗುತ್ತಿಗೆಯ ಹಗ್ಗದಲ್ಲಿ ಕಟ್ಟಿದರೆ ಅವನು ಬರೆಯುವ ವರದಿಯ ಬೆಲೆಯೆಷ್ಟು?

ಇದರ ಜೊತೆಗೆ ಇನ್ನೊಂದು ತೊಡಕಿದೆ. ಪೈಲಟ್ ಪರಿವೀಕ್ಷಕನಾಗಿ ಬರುವುದು ವಿಮಾನ ಕಂಪನಿಯಿಂದ. ಗುತ್ತಿಗೆ ಮುಗಿದರೆ ಹೋಗುವುದೂ ಬಹುಶಃ ಕಂಪನಿಗೇ. ಪೈಲಟ್‌ಗೆ 65 ವರ್ಷದವರೆಗೆ ಹಾರಿಸಲು ಅವಕಾಶವಿದೆ. ಕಂಪನಿಯ ಸಂಬಳವೂ ದೊಡ್ಡದು. ಇಂದು ಯಾರ ಲೆಕ್ಕ ನೋಡುತ್ತಿದ್ದಾನೋ ನಾಳೆ ಅವರ ಬಾಗಿಲಲ್ಲೇ ನೌಕರಿಗೆ ನಿಲ್ಲಬೇಕಾದವನಿಂದ ನಿರ್ಭಯವಾದ ವರದಿಯನ್ನು ನಿರೀಕ್ಷಿಸುವುದು ಮನುಷ್ಯ ಸ್ವಭಾವಕ್ಕೆ ಮೀರಿದ ಮಾತು. ಹಾಗಿದ್ದೂ ನಿರ್ಭಯವಾಗಿ ಬರೆಯುವವರು ಇದ್ದಾರೆ. ದೊಡ್ಡ ಸಂಬಳ ಬಿಟ್ಟು, ತಾವು ಕಲಿತ ವಿದ್ಯೆ ಜನರ ಪ್ರಾಣ ಉಳಿಸಲಿ ಎಂದು ಬಂದ ಅಂಥವರಿಗೆ ನಮ್ಮ ಗೌರವ ಸಲ್ಲುತ್ತದೆ. ಆದರೆ ಸಾಮಾನ್ಯ ಮನುಷ್ಯನೂ ಧೈರ್ಯವಾಗಿ ಕೆಲಸ ಮಾಡುವಂತೆ ಕಾನೂನು ಇರಬೇಕು. ವೀರರನ್ನೇ ನಂಬಿದ ಕಾನೂನು ಕಾನೂನಲ್ಲ.

ಅಮೆರಿಕದಲ್ಲಿ ಈ ರೋಗ 2008ರಲ್ಲಿ ಬಯಲಾಯಿತು. ಸೌತ್‌ವೆಸ್ಟ್ ಎಂಬ ಕಂಪನಿ ಬಿರುಕಿನ ತಪಾಸಣೆಯ ಅವಧಿ ಮೀರಿದ 46 ವಿಮಾನಗಳನ್ನು ಹಾರಿಸುತ್ತಿತ್ತು. ಅದು ಗೊತ್ತಿದ್ದೂ ಸರ್ಕಾರದ ಮೇಲ್ವಿಚಾರಕನೇ ಸುಮ್ಮನಿದ್ದನೆಂದು ಬಾಬಿ ಬೂಟ್ರಿಸ್, ಡಗ್ಲಾಸ್ ಪೀಟರ್ಸ್ ಎಂಬ ಇಬ್ಬರು ಪರಿವೀಕ್ಷಕರು ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಕಂಪನಿಯ ಪರವಾಗಿ ಇಲಾಖೆಯೊಡನೆ ವ್ಯವಹರಿಸುತ್ತಿದ್ದವನು ಅದೇ ಇಲಾಖೆಯ ಮಾಜಿ ಪರಿವೀಕ್ಷಕ! ಆ ಇಬ್ಬರು ಕಾಯಂ ನೌಕರರಾಗಿದ್ದರು. ಸಾಕ್ಷಿ ಹೇಳಲು ಅವರಿಗೆ ಕಾಲೂರುವಷ್ಟಾದರೂ ನೆಲವಿತ್ತು. 2012ರಲ್ಲಿ ಅಲ್ಲಿ ಹೊಸ ಕಾನೂನು ಬಂದಿತು. ಪರಿವೀಕ್ಷಕನು ಹುದ್ದೆ ಬಿಟ್ಟ ಮೇಲೆ ಎರಡು ವರ್ಷ, ತಾನು ಮೇಲ್ವಿಚಾರಣೆ ಮಾಡಿದ ಕಂಪನಿಯ ಪರವಾಗಿ ಇಲಾಖೆಯ ಮುಂದೆ ನಿಲ್ಲಕೂಡದು. ಬಂಡವಾಳಶಾಹಿಯ ತವರಿನಲ್ಲಿಯೇ ಇಷ್ಟು ಸಾಧ್ಯವಾದರೆ ಸಮಾಜವಾದವನ್ನು ಸಂವಿಧಾನದಲ್ಲಿ ಬರೆದುಕೊಂಡ ನಮ್ಮಲ್ಲೇಕೆ ಸಾಧ್ಯವಾಗಬಾರದು?

ನಮ್ಮ ದೇಶದಲ್ಲಿಯೇ ಒಂದು ಒಳ್ಳೆಯ ಮಾದರಿಯಿದೆ. ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ನನ್ನು ಬಲ್ಲವರು ಇದನ್ನು ಗಮನವಿಟ್ಟು ಓದಲಿ. ರೈಲ್ವೆ ಮಾರ್ಗಗಳ ಸುರಕ್ಷತೆ ನೋಡುವ ಆಯೋಗವು ರೈಲ್ವೆ ಇಲಾಖೆಯ ಅಧೀನದಲ್ಲಿಲ್ಲ. ಓಡಿಸುವವರ ಕೈಕೆಳಗೆ ನೋಡುವವರು ಇರಕೂಡದೆಂದು 1941ರಲ್ಲಿಯೇ ಅದನ್ನು ಬೇರ್ಪಡಿಸಿದರು. ಇಂದು ಅದು ಇರುವುದು ನಾಗರಿಕ ವಿಮಾನಯಾನ ಮಂತ್ರಾಲಯದ ಅಡಿಯಲ್ಲಿ! ತುಮಕೂರಿನಿಂದ ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ ಹೋಗುವ ಹೊಸ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡಬೇಕಾದರೂ ಆ ಆಯುಕ್ತರ ಒಪ್ಪಿಗೆ ಬೇಕೇ ಬೇಕು. ಆಯುಕ್ತರೂ ರೈಲ್ವೆಯಲ್ಲಿ ದುಡಿದು ಅನುಭವ ಪಡೆದವರೇ. ಆದರೆ ಅವರ ಮೇಲಧಿಕಾರಿ ರೈಲ್ವೆ ಮಂಡಲಿಯಲ್ಲ. ರೈಲಿನ ಕಾವಲನ್ನು ವಿಮಾನದ ಮಂತ್ರಾಲಯಕ್ಕೆ ವಹಿಸಿದ ಬುದ್ಧಿವಂತರು ವಿಮಾನದ ಕಾವಲನ್ನು ಯಾರಿಗೆ ವಹಿಸಿದರು? ಅದೇ ಮಂತ್ರಾಲಯಕ್ಕೆ! ವಿಮಾನ ವ್ಯಾಪಾರ ಬೆಳೆಸಬೇಕಾದುದೂ ಅದೇ, 2022ರವರೆಗೆ ಏರ್ ಇಂಡಿಯಾದ ಒಡೆತನ ನಡೆಸಿದುದೂ ಅದೇ, ತಪಾಸಣೆ ಮಾಡಬೇಕಾದುದೂ ಅದೇ. ಬೇರೆ ಪ್ರಾಧಿಕಾರ ರಚಿಸಬೇಕೆಂದು 2013ರಲ್ಲಿ ಒಂದು ಮಸೂದೆ ಬಂದಿತ್ತು. ಆ ಲೋಕಸಭೆಯೊಡನೆ ಅದೂ ಬಿದ್ದುಹೋಯಿತು. 2020ರ ತಿದ್ದುಪಡಿ ಮಹಾನಿರ್ದೇಶನಾಲಯಕ್ಕೆ ಶಾಸನದ ಹೆಸರು ಕೊಟ್ಟಿತೇ ಹೊರತು ಸರ್ಕಾರದ ಹಿಡಿತವನ್ನು ಬಿಡಿಸಲಿಲ್ಲ.

ಇದಕ್ಕೆ ಎರಡು ಆಕ್ಷೇಪಣೆಗಳನ್ನು ನಾವು ಊಹಿಸಬಲ್ಲೆವು. ಕಾಯಂ ನೌಕರಿ ಕೊಟ್ಟರೆ ಇನ್ಸ್‌ಪೆಕ್ಟರು ಮಾಮೂಲಿಗೆ ಕೈಯೊಡ್ಡುವನೆಂದು ವ್ಯಾಪಾರಿ ಬಂಧುಗಳು ಹೇಳಬಹುದು. ಅವರ ಅನುಭವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಲಂಚಕ್ಕೆ ಮದ್ದು ಗುತ್ತಿಗೆಯಲ್ಲ. ಗುತ್ತಿಗೆಯವನಿಗೆ ನಾಳೆಯ ಭಯ ಇನ್ನೂ ಹೆಚ್ಚು. ಮದ್ದು ಇರುವುದು ವರದಿಯನ್ನು ಬಯಲಿಗಿಡುವುದರಲ್ಲಿ. ತಕ್ಕಡಿಗೆ ಹಾಕಿದ ಮುದ್ರೆ ಗಿರಾಕಿಯ ಕಣ್ಣಿಗೆ ಕಾಣುವಂತೆ ವಿಮಾನದ ತಪಾಸಣೆಯ ಫಲಿತಾಂಶವೂ ಕಾಣಲಿ. ಪರಿವೀಕ್ಷಕರನ್ನು ಹೆಚ್ಚಿಸಿದರೆ ಟಿಕೆಟಿನ ಬೆಲೆ ಏರುವುದೆಂಬುದು ಎರಡನೆಯ ಆಕ್ಷೇಪಣೆ. ಪೈಲಟ್‌ನ ನಿದ್ರೆಯಲ್ಲಿ ಉಳಿಸಿದ ದುಡ್ಡಿನಿಂದ ಅಗ್ಗವಾದ ಟಿಕೆಟು ಯಾರಿಗೆ ಬೇಕು?

ಈ ವಿಚಾರ ಆಕಾಶಕ್ಕೆ ಮಾತ್ರ ಸೇರಿದ್ದಲ್ಲ ಎಂಬುದಕ್ಕೆ ಒಂದು ಮಾತು. 2025ರ ನವೆಂಬರ್ 21ರಿಂದ ಜಾರಿಗೆ ತಂದ ಕಾರ್ಮಿಕ ಸಂಹಿತೆಗಳಲ್ಲಿ ಕಾರ್ಖಾನೆಯ ಇನ್ಸ್‌ಪೆಕ್ಟರಿಗೆ ‘ಅನುಕೂಲಕಾರ’ ಎಂಬ ಇನ್ನೊಂದು ಬಿರುದನ್ನೂ ಅಂಟಿಸಿದ್ದಾರೆ. ಯಾರಿಗೆ ಅನುಕೂಲ ಎಂದು ನಾವು ಕೇಳಬೇಕಾಗಿದೆ. ಕ್ಯಾಪ್ಟನ್‌ನ ದೊಡ್ಡ ಸಂಬಳವೂ ಮಿಲ್ಲಿನವನ ಚಿಕ್ಕ ಕೂಲಿಯೂ ಬೇರೆ ಬೇರೆ ಇರಬಹುದು. ಆದರೆ ಮಿತಿ ಮೀರಿ ದುಡಿಸಿದರೆ ಕಣ್ಣು ಮುಚ್ಚುವುದು ಇಬ್ಬರಿಗೂ ಒಂದೇ. ಅದನ್ನು ತಡೆಯಬೇಕಾದ ಇನ್ಸ್‌ಪೆಕ್ಟರಿನ ಕೈ ಕಟ್ಟುವ ರೀತಿಯೂ ಒಂದೇ.

ಆದುದರಿಂದ ಕೇಂದ್ರ ಸರ್ಕಾರದ ಮುಂದೆ ನಾವು ಇಡುವ ಬೇಡಿಕೆಗಳು ಇವು. ಖಾಲಿ ಹುದ್ದೆಗಳನ್ನು ಗೊತ್ತಾದ ಅವಧಿಯೊಳಗೆ ತುಂಬಬೇಕು. ಕಾರ್ಯಾಚರಣೆ ಪರಿವೀಕ್ಷಕರನ್ನು ಕಾಯಂ ಸೇವೆಗೆ ತೆಗೆದುಕೊಂಡು, ಅನುಭವಿ ಪೈಲಟ್ ನಾಚಿಕೊಳ್ಳದಂಥ ಸಂಬಳ ಕೊಡಬೇಕು. ಹಿಂದೆ ದುಡಿದ ಕಂಪನಿಯನ್ನು ಎರಡು ವರ್ಷ ತಪಾಸಿಸಕೂಡದು. ತಪಾಸಿಸಿದ ಕಂಪನಿಯನ್ನು ಹುದ್ದೆ ಬಿಟ್ಟ ಮೇಲೆ ಎರಡು ವರ್ಷ ಸೇರಕೂಡದು. ಪ್ರತಿಕೂಲ ವರದಿ ಬರೆದವನನ್ನು ವಿಚಾರಣೆಯಿಲ್ಲದೆ ತೆಗೆಯಕೂಡದು. ಯಾವ ಕಂಪನಿಗಾದರೂ ಸುರಕ್ಷತೆಯ ನಿಯಮದಲ್ಲಿ ವಿನಾಯಿತಿ ಕೊಟ್ಟರೆ, ಕೊಟ್ಟ ಅಧಿಕಾರಿಯ ಹೆಸರನ್ನೂ ಕಾರಣವನ್ನೂ ಪ್ರಕಟಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ರೈಲ್ವೆ ಸುರಕ್ಷತಾ ಆಯೋಗದಂತೆ ವಿಮಾನಗಳ ತಪಾಸಣೆಯನ್ನೂ ಸಂಬಂಧಪಟ್ಟ ಮಂತ್ರಾಲಯದ ಕೈಯಿಂದ ಬಿಡಿಸಿ ಸಂಸತ್ತಿಗೆ ಉತ್ತರ ಕೊಡುವಂತೆ ಮಾಡಬೇಕು.

ಚಿತ್ರದುರ್ಗದ ಲೋಕಸಭಾ ಸದಸ್ಯರು ಈ ಪ್ರಶ್ನೆಯನ್ನು ಸಂಸತ್ತಿನಲ್ಲಿ ಎತ್ತಬೇಕೆಂದು ನಾವು ಆಗ್ರಹಪಡಿಸುತ್ತೇವೆ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲವೆಂಬ ನೆಪ ಸಲ್ಲದು. ವಿಮಾನ ಹತ್ತುವ ಮತದಾರರು ಇಲ್ಲಿದ್ದಾರೆ. ಹಿಂದಿನ ಆಸನದಲ್ಲಿ ಕುಳಿತ ಆ ಪರಿವೀಕ್ಷಕನು ಹಾರಾಟ ಮುಗಿಸಿ ಕೆಳಗಿಳಿದು ಬಂದು ಬರೆಯುವಾಗ ಕಂಪನಿಯ ಮುಖ ನೋಡಬೇಕೋ, ಮಂತ್ರಿಯ ಮುಖ ನೋಡಬೇಕೋ ಎಂದು ಅಳುಕುವಂತಿರಬಾರದು. ಅವನು ನೋಡಬೇಕಾದುದು ತನ್ನ ಬೆನ್ನ ಹಿಂದೆ ನಂಬಿ ಕುಳಿತಿದ್ದ ನೂರಾರು ಪ್ರಯಾಣಿಕರ ಮುಖವನ್ನು. ಅವನು ಅವರ ಸೇವಕನು. ಅವನನ್ನು ಅವರ ಸೇವಕನಾಗಿ ಉಳಿಸುವುದು ಸರ್ಕಾರದ ಕರ್ತವ್ಯ. ಉಳಿಸಿದ್ದಾರೆಯೇ ಎಂದು ಕೇಳುತ್ತಿರುವುದು ನಮ್ಮೆಲ್ಲರ ಕರ್ತವ್ಯ.